ಕದರಮ್ಮನ ಪಂಕ್ತಿಯಲ್ಲಿ ಮಿಕ್ಕವರಿರಲಿಲ್ಲ

ಎರಡು ಸಂಖ್ಯೆಗಳ ಸಾಮಾನ್ಯ ಅಪವರ್ತನಗಳನ್ನು ಕಂಡುಹಿಡಿಯುವ ಪಾಠ ಬಂದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ. ಸಿಟ್ಟು ಪಾಠದ ಮೇಲಲ್ಲ. ಪಾಪ, ಪಾಠ ಏನು ಮಾಡೀತು? ಅದನ್ನು ನನಗೆ ಕಪ್ಪು ಹಲಗೆಯ ಮೇಲೆ ಹೇಳಿಕೊಟ್ಟವರು ಒಬ್ಬರು, ನೆಲದ ಮೇಲೆ ಹೇಳಿಕೊಟ್ಟವರು ಇನ್ನೊಬ್ಬರು. ಹಲಗೆಯವರು ನಿವೃತ್ತಿಯ ದಿನ ಹಾರ ತುರಾಯಿ ಹಾಕಿಸಿಕೊಂಡು, ಭಾಷಣ ಕೇಳಿಕೊಂಡು ಹೋದರು. ನೆಲದವರಿಗೆ ಒಂದು ತುಂಡು ಕಾಗದವನ್ನೂ ಕೊಡದೆ ಮನೆಗೆ ಕಳಿಸಿದರು.

ನೆಲದವರ ಹೆಸರು ಕದರಮ್ಮ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವರು. ಗುಬ್ಬಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಗುಬ್ಬಿಯ ನಮ್ಮ ಮಿಡ್ಲ್ ಸ್ಕೂಲಿನಲ್ಲಿ ಮಧ್ಯಾಹ್ನದ ಉಪ್ಪಿಟ್ಟು ಮಾಡುವ ಕೆಲಸಕ್ಕೆ ಸೇರಿದರು. ಖಾಯಂ ಕೆಲಸವಲ್ಲ. ಹೆಡ್‌ಮಾಸ್ಟರು ಬಾ ಎಂದರೆ ಬರಬೇಕು, ಬೇಡ ಎಂದರೆ ಹೋಗಬೇಕು. ಮೇಷ್ಟ್ರುಗಳಿಂದ ಹಿಡಿದು ಸೌದೆ ತಂದು ಹಾಕುವವನವರೆಗೆ ಎಲ್ಲರೂ ಅವರನ್ನು ಹೋಗೇ ಬಾರೇ ಎಂದೇ ಮಾತನಾಡಿಸುತ್ತಿದ್ದರು. ನಾನು ಹಾಗೆ ಬರೆಯುವುದಿಲ್ಲ, ಯಾರಿಗಾದರೂ ಕಿರಿಕಿರಿಯಾದರೆ ಆಗಲಿ.

ನಮ್ಮ ಸ್ಕೂಲಿನಲ್ಲಿದ್ದದ್ದು ಐದು, ಆರು, ಏಳು, ಮೂರೇ ಕ್ಲಾಸು. ಸರ್ಕಾರದಿಂದ ಬರುವ ಗೋಧಿ ರವೆಯ ಉಪ್ಪಿಟ್ಟಿಗಾಗಿ ನಾವು ಮನೆಯಿಂದ ತಟ್ಟೆ ತರುತ್ತಿದ್ದೆವು. ಬೆಳಿಗ್ಗೆ ಬಂದವರೇ ತಟ್ಟೆಗಳನ್ನು ಅಡುಗೆ ಕೋಣೆಯ ಬಾಗಿಲಲ್ಲಿ ಇಡಬೇಕು. ಹುಡುಗರದ್ದು ಎಡಗಡೆ, ಹುಡುಗಿಯರದ್ದು ಬಲಗಡೆ. ಕದರಮ್ಮ ಅವನ್ನು ಎಣಿಸಿ, ಹುಡುಗರ ಒಂದೊಂದು ತಟ್ಟೆಗೆ ಒಂದೊಂದು ಹುಣಸೆ ಬೀಜ, ಹುಡುಗಿಯರ ಒಂದೊಂದು ತಟ್ಟೆಗೆ ಒಂದೊಂದು ಹರಳು ಬೀಜ ತೆಗೆದು ನೆಲದ ಮೇಲೆ ಹಾಕಿಕೊಂಡು ಕೂರುತ್ತಿದ್ದರು. ಆಮೇಲೆ ಸಾಲು ಜೋಡಿಸುವ ಕೆಲಸ. ನಾಲ್ಕರ ಸಾಲು ಹಾಕಿ ನೋಡುವುದು, ಒಂದು ಕಡೆ ಮಿಕ್ಕಿತೋ ಕೆಡಿಸಿಬಿಡುವುದು. ಆರರ ಸಾಲು ಹಾಕುವುದು, ಎರಡೂ ಕಡೆ ಸರಿಹೋಯಿತೋ ನೆನಪಿಟ್ಟುಕೊಳ್ಳುವುದು. ಮತ್ತೆ ಒಂಬತ್ತರದ್ದು ನೋಡುವುದು.

"ಯಾಕಕ್ಕಾ ಇಷ್ಟು ಒದ್ದಾಡ್ತೀಯ, ಸುಮ್ನೆ ಬಡ್ಸಬಾರ್ದಾ?" ಎಂದು ಒಮ್ಮೆ ಕೇಳಿದೆ.

"ಒಂದ್ ಸಾಲಿಗೆ ಒಂದ್ ಬಕೀಟು ಕಣವ್ವ. ಎಲ್ಲಾ ಸಾಲೂ ಒಂದೇ ಸಮ ಇದ್ರೆ ಎಲ್ರ ತಟ್ಟೆಗೂ ಒಂದೇ ಸಮ ಬೀಳ್ತದೆ. ಕೊನೇಲಿ ಮೂರೋ ನಾಕೋ ಜನದ ಮೊಂಡು ಸಾಲು ಉಳ್ಕತ್ತು ಅಂದ್ರೆ ಆ ಐಕ್ಳಿಗೆ ತಳ ಹಿಡ್ದಿದ್ದೇ ಗತಿ. ಯಾವಾಗ್ಲೂ ಅವೇ ಐಕ್ಳು ಕೊನೇಲಿ ಕುಂತಿರ್ತವೆ, ನೋಡು ಬೇಕಾರೆ."

ನೋಡಿದ್ದೆ. ನಾನೂ ಆ ಕೊನೆಯ ಮಕ್ಕಳಲ್ಲಿ ಒಬ್ಬಳಾಗಿದ್ದೆ. ಕದರಮ್ಮ ಬರುವ ಮುಂಚೆ ಒಂದು ವರ್ಷ ಸೀದ ಉಪ್ಪಿಟ್ಟನ್ನೇ ತಿಂದಿದ್ದೆ.

ಎಲ್ಲ ಮಕ್ಕಳೂ ಬಂದ ದಿನ ಹುಡುಗರ ತಟ್ಟೆ ಐವತ್ತನಾಲ್ಕು, ಹುಡುಗಿಯರದ್ದು ಮೂವತ್ತಾರು. ಆ ಎರಡಕ್ಕೂ ಯಾವ ಯಾವ ಸಾಲು ಹೊಂದುತ್ತದೆ ಎಂದರೆ ಕದರಮ್ಮ ಬೀಜ ಮುಟ್ಟದೆ ಹೇಳುತ್ತಿದ್ದರು: ಒಂದು, ಎರಡು, ಮೂರು, ಆರು, ಒಂಬತ್ತು, ಹದಿನೆಂಟು. ನಮ್ಮ ಜಗಲಿಯ ಅಗಲಕ್ಕೆ ಒಂಬತ್ತು ಸರಿ. ಹುಡುಗರದ್ದು ಆರು ಸಾಲು, ಹುಡುಗಿಯರದ್ದು ನಾಲ್ಕು. ನನಗೆ ಅವರು ಕಲಿಸಿದ ಲೆಕ್ಕ ಅಷ್ಟೇ, ಆದರೆ ಇವತ್ತು ನಾನು ಕಲಿಸುವುದೂ ಅದನ್ನೇ.

ಆರನೇ ಕ್ಲಾಸಿನಲ್ಲಿ ಇದಕ್ಕೆ ಸಾಮಾನ್ಯ ಅಪವರ್ತನಗಳು ಎನ್ನುತ್ತಾರೆಂದು ಹೆಡ್‌ಮಾಸ್ಟರ್ ಕರಿಬಸವಯ್ಯನವರು ಹಲಗೆಯ ಮೇಲೆ ಬರೆದು ತೋರಿಸಿದರು. "ಮೊದಲನೆಯದನ್ನ ಶೇಷ ಇಲ್ಲದೆ ಭಾಗಿಸೋ ಸಂಖ್ಯೆಗಳನ್ನೆಲ್ಲ ಬರೀರಿ, ಎರಡನೆಯದಕ್ಕೂ ಬರೀರಿ. ಎರಡು ಪಟ್ಟಿಯಲ್ಲೂ ಇರೋದನ್ನ ಹೆಕ್ಕಿ ತೆಗೀರಿ." ಚೆನ್ನಾಗಿಯೇ ಕಲಿಸಿದರು, ಸುಳ್ಳು ಹೇಳಬಾರದು. ಕಲಿಸಿದ್ದನ್ನು ಹಲಗೆಯ ಮೇಲೇ ಬಿಟ್ಟು ಬಂದರು, ಅದೇ ನನ್ನ ತಕರಾರು.

ಕದರಮ್ಮನ ಲೆಕ್ಕದಲ್ಲೂ ಒಂದು ತಪ್ಪಿತ್ತು. ಅದನ್ನೂ ಹೇಳಿಬಿಡುತ್ತೇನೆ. ಅವರು ಮಕ್ಕಳ ತಲೆ ಎಣಿಸುತ್ತಿರಲಿಲ್ಲ. ಮಕ್ಕಳನ್ನು ಬೆರಳು ಮಾಡಿ ಎಣಿಸಿದರೆ ದೃಷ್ಟಿ ತಾಕುತ್ತದೆ ಎಂದು ನಂಬಿದ್ದರು. ಅವರದ್ದೇ ಎರಡು ಕೂಸು ಹೋಗಿದ್ದವು. ಆದ್ದರಿಂದ ಏನಿದ್ದರೂ ತಟ್ಟೆ ಲೆಕ್ಕ. ಆದರೆ ಸ್ಕೂಲಿನಲ್ಲಿ ತಟ್ಟೆ ತರದ ಆರು ಮಕ್ಕಳಿದ್ದರು, ಇಬ್ಬರು ಹುಡುಗರು, ನಾಲ್ವರು ಹುಡುಗಿಯರು. ಅಂಗಡಿಯವರ, ಆಫೀಸಿನವರ ಮಕ್ಕಳು. ಕದರಮ್ಮನ ಕೈಯದ್ದನ್ನು ತಿನ್ನಬೇಡಿ ಎಂದು ಮನೆಯಲ್ಲಿ ಹೇಳಿ, ಟಿಫನ್ ಬಾಕ್ಸ್ ಕೊಟ್ಟು ಕಳಿಸುತ್ತಿದ್ದರು. ಅವರು ಮೇಷ್ಟ್ರ ಕೋಣೆಯಲ್ಲಿ ಕೂತು ತಿನ್ನುತ್ತಿದ್ದರು. ಕದರಮ್ಮನ ಲೆಕ್ಕದಲ್ಲಿ ಆ ಆರು ಜನ ಇರಲೇ ಇಲ್ಲ.

ಸಾವಿರದ ಒಂಬೈನೂರ ಎಪ್ಪತ್ತಾರು. ಗೋಡೆಗೋಡೆಯ ಮೇಲೂ ಶಿಸ್ತು ಶಿಸ್ತು ಎಂದು ಬರೆಸಿದ್ದ ಕಾಲ. ಆಗಸ್ಟ್ ಹದಿನೈದಕ್ಕೆ ತುಮಕೂರಿನ ಮೈದಾನದಲ್ಲಿ ನಮ್ಮ ಸ್ಕೂಲಿನವರೂ ಕವಾಯತು ನಡೆಯಬೇಕೆಂದು ಆರ್ಡರು ಬಂತು. ಹುಡುಗರು ಬೇರೆ, ಹುಡುಗಿಯರು ಬೇರೆ, ಸಾಲಿಗೆ ಎಂಟು ಜನ, ಒಂದು ಸಾಲೂ ಅರ್ಧವಾಗಿರಬಾರದು. ಗುಬ್ಬಿ ದಾಟಿ ನೋಡದ ನಮಗೆ ತುಮಕೂರು! ನಾನು ಮೂರು ದಿನ ಮನೆಯಲ್ಲಿ ಎಡ-ಬಲ, ಎಡ-ಬಲ ಎಂದು ನಡೆದು ಅಮ್ಮನ ಕೈಲಿ ಬೈಸಿಕೊಂಡೆ.

ಡ್ರಿಲ್ ಮೇಷ್ಟ್ರು ವೆಂಕಟರಂಗಯ್ಯ. ಮೂರು ಕ್ಲಾಸಿನ ಹಾಜರಿ ಪುಸ್ತಕ ತೆಗೆದು ಕೂಡಿಸುವಷ್ಟು ತಾಳ್ಮೆ ಆ ಮನುಷ್ಯನಿಗೆಲ್ಲಿಂದ ಬರಬೇಕು? ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಕೂಗಿದರು: "ಏಯ್ ಕದರಮ್ಮ, ಹುಡುಗರೆಷ್ಟು? ಹುಡುಗೀರೆಷ್ಟು?"

"ಗಂಡೈಕ್ಳು ಐವತ್ನಾಕು, ಹೆಣ್ಣೈಕ್ಳು ಮೂವತ್ತಾರು ಸಾ."

ಮೇಷ್ಟ್ರು ಎಂಟರಿಂದ ಭಾಗಿಸಿದರು. ಹುಡುಗರಲ್ಲಿ ಆರು ಉಳಿಯಿತು, ಹುಡುಗಿಯರಲ್ಲಿ ನಾಲ್ಕು. "ಹತ್ತು ಜನ ಮಿಕ್ಕಿದಾರೆ. ಲೆಕ್ಕ ಕೂಡೋದಿಲ್ಲ, ನಾನೇನ್ ಮಾಡ್ಲಿ?" ಎಂದು ಮಧ್ಯಾಹ್ನವೇ ಹತ್ತು ಜನರನ್ನು ಆಚೆ ನಿಲ್ಲಿಸಿದರು. ಲೆಕ್ಕ ಕೂಡದಿದ್ದರೆ ಚೀಟಿ ಎತ್ತಬಹುದಿತ್ತು, ಎತ್ತರ ನೋಡಬಹುದಿತ್ತು. ಮೇಷ್ಟ್ರು ನೋಡಿದ್ದು ನಮ್ಮ ಕಾಲನ್ನು. ನಾವು ಹತ್ತೂ ಜನ ಬರಿಗಾಲಿನವರು. ಉಳಿದವರೆಲ್ಲ ಅಣ್ಣನದ್ದೋ ಅಕ್ಕಪಕ್ಕದವರದ್ದೋ ಬಿಳಿ ಕ್ಯಾನ್ವಾಸ್ ಬೂಟು ಹೇಗೋ ಹೊಂದಿಸಿಕೊಂಡಿದ್ದರು. ನಾನು ಅಳಲಿಲ್ಲ. ಲೆಕ್ಕ ಎಂದ ಮೇಲೆ ಯಾರ ತಪ್ಪೂ ಇಲ್ಲ ಎಂದುಕೊಂಡೆ. ಅಷ್ಟು ದಡ್ಡಿ ನಾನು!

ಕದರಮ್ಮ ಮಾತ್ರ ಸುಮ್ಮನಿರಲಿಲ್ಲ. ಸೆರಗಿನಲ್ಲಿ ಬೀಜ ಕಟ್ಟಿಕೊಂಡು ಹೋಗಿ ಹೆಡ್‌ಮಾಸ್ಟರ ಮೇಜಿನ ಮೇಲೆ ಸುರಿದರು. "ಸಾ, ಒಂಬತ್ತರ ಸಾಲು ಹಾಕ್ಸಿ, ಒಬ್ರೂ ಮಿಕ್ಕಾಕಿಲ್ಲ. ಆರರದ್ದು ಹಾಕುದ್ರೂ ಮಿಕ್ಕಾಕಿಲ್ಲ."

ವೆಂಕಟರಂಗಯ್ಯನವರು ಗೊಳ್ಳೆಂದು ನಕ್ಕರು. "ಉಪ್ಪಿಟ್ಟು ತಿರುವೋಳು ನಮಗೆ ಡ್ರಿಲ್ ಹೇಳ್ಕೊಡೋ ಹಾಗಾಯ್ತಲ್ಲ ಸಾರ್!"

"ಆರ್ಡರಿನಲ್ಲಿ ಎಂಟು ಅಂತ ಇದೆ ಕದರಮ್ಮ, ಒಂಬತ್ತು ಮಾಡೋಕಾಗಲ್ಲ," ಎಂದರು ಹೆಡ್‌ಮಾಸ್ಟರು. ಆರ್ಡರು ಆರ್ಡರೇ. ಕದರಮ್ಮ ಬೀಜಗಳನ್ನು ಒಂದೊಂದಾಗಿ ಆರಿಸಿಕೊಂಡು ಬಂದರು.

ಮರುದಿನದಿಂದ ಪ್ರಾಕ್ಟೀಸು. ನಾವು ಹತ್ತು ಜನ ಹೊಂಗೆ ಮರದ ಕೆಳಗೆ ಕೂತು ನೋಡಬೇಕು. ಮೊದಲ ದಿನವೇ ವಿಚಿತ್ರವಾಯಿತು. ನಮ್ಮನ್ನು ತೆಗೆದ ಮೇಲೂ ಸಾಲು ಸರಿಯಾಗಲಿಲ್ಲ! ಹುಡುಗರದ್ದು ಆರು ಸಾಲು ತುಂಬಿ ಇಬ್ಬರು ಉಳಿದರು. ಹುಡುಗಿಯರದ್ದು ನಾಲ್ಕು ಸಾಲು ತುಂಬಿ ನಾಲ್ವರು ಉಳಿದರು. ಉಳಿದವರು ಯಾರು? ತಡವಾಗಿ ಬಂದು ಕೊನೆಯಲ್ಲಿ ನಿಂತಿದ್ದ ಅದೇ ಟಿಫನ್ ಬಾಕ್ಸಿನ ಮಕ್ಕಳು. ಈಗಲೂ ಲೆಕ್ಕ ಕೂಡಲಿಲ್ಲ ತಾನೇ? ಅವರನ್ನೂ ಮರದ ಕೆಳಗೆ ಕಳಿಸಬೇಕಲ್ಲ? ಎಲ್ಲಿಯ ಮಾತು! ಮೇಷ್ಟ್ರು ಅರೆಗಳಿಗೆ ತಲೆ ಕೆರೆದುಕೊಂಡು, ಇಬ್ಬರು ಹುಡುಗರ ಕೈಗೆ ಬಾವುಟ, ಸ್ಕೂಲಿನ ಬೋರ್ಡು ಕೊಟ್ಟರು. ನಾಲ್ವರು ಹುಡುಗಿಯರನ್ನು ಅವರ ಹಿಂದೆ ಲೀಡರುಗಳೆಂದು ನಿಲ್ಲಿಸಿದರು. ಮಿಕ್ಕ ನಾವು ಮರದ ಕೆಳಗೆ ಹೋದೆವು, ಮಿಕ್ಕ ಅವರು ಎಲ್ಲರಿಗಿಂತ ಮುಂದೆ ಹೋದರು.

ಆ ದಿನ ಮರದ ಕೆಳಗೆ ಕೂತು ನಾನು ಮಣ್ಣಿನಲ್ಲಿ ಗೀಚುತ್ತಿದ್ದೆ. ಹುಡುಗರು ಮುಂದೆ ಇಬ್ಬರು, ಇಲ್ಲಿ ಆರು. ಎಂಟು. ಹುಡುಗಿಯರು ಮುಂದೆ ನಾಲ್ಕು, ಇಲ್ಲಿ ನಾಲ್ಕು. ಎಂಟು. ನಡೆಯುತ್ತಿದ್ದ ಸಾಲುಗಳನ್ನೂ ಕೂಡಿಸಿದೆ. ನಿಜವಾಗಿ ಹುಡುಗರು ಐವತ್ತಾರು, ಹುಡುಗಿಯರು ನಲವತ್ತು. ಐವತ್ತಾರರ ಅಪವರ್ತನ ಬರೆದೆ: ಒಂದು, ಎರಡು, ನಾಲ್ಕು, ಏಳು, ಎಂಟು, ಹದಿನಾಲ್ಕು, ಇಪ್ಪತ್ತೆಂಟು, ಐವತ್ತಾರು. ನಲವತ್ತರದ್ದು ಬರೆದೆ: ಒಂದು, ಎರಡು, ನಾಲ್ಕು, ಐದು, ಎಂಟು, ಹತ್ತು, ಇಪ್ಪತ್ತು, ನಲವತ್ತು. ಎರಡರಲ್ಲೂ ಇರುವುದು ಒಂದು, ಎರಡು, ನಾಲ್ಕು, ಎಂಟು. ಎಂಟು! ಆರ್ಡರಿನಲ್ಲಿದ್ದದ್ದೂ ಅದೇ ಎಂಟು. ಒಬ್ಬರೂ ಮಿಕ್ಕುವ ಹಾಗಿರಲಿಲ್ಲ.

ಅಡುಗೆ ಕೋಣೆಗೆ ಓಡಿ ಕದರಮ್ಮನಿಗೆ ಹೇಳಿದೆ. ಅವರು ಸೌಟು ಕೆಳಗಿಟ್ಟರು.

"ಅಯ್ಯೋ ನನ್ ಕೈ ಸೇದೋಗ! ತಟ್ಟೆ ತರ್ದಿರೋ ಐಕ್ಳನ್ನ ನಾನು ಎಣಿಸೇ ಇಲ್ವಲ್ಲವ್ವ. ನನ್ ಲೆಕ್ಕ ಕೇಳ್ಕಂಡೇ ಅವ್ನು ನಿಮ್ಮನ್ನ ಆಚೆಗ್ ಹಾಕ್ದ." ಹಣೆ ಹಣೆ ಚಚ್ಚಿಕೊಂಡರು. "ಬುಡು, ಅಳಬ್ಯಾಡ. ತಪ್ಪು ನಂದು, ಸರಿ ಮಾಡದೂ ನಂದು."

ಹದಿನಾಲ್ಕನೆಯ ತಾರೀಖು ಮಧ್ಯಾಹ್ನ ಕದರಮ್ಮ ಒಂಬತ್ತರ ಸಾಲು ಬಿಟ್ಟು, ಅಂಗಳದಲ್ಲಿ ಎಂಟರ ಸಾಲು ಕೂರಿಸಿದರು. ಟಿಫನ್ ಬಾಕ್ಸಿನ ಆರು ಮಕ್ಕಳನ್ನೂ ಕರೆದರು. "ನನ್ ಉಪ್ಪಿಟ್ಟು ತಿನ್ಬ್ಯಾಡಿ ಮಕ್ಳೇ, ನಿಮ್ ಬಾಕ್ಸೇ ತಿನ್ನಿ, ಕುಂತ್ಕಳಿ ಸಾಕು." ಆ ಮಕ್ಕಳದ್ದೇನು ತಪ್ಪು, ಖುಷಿಯಾಗಿ ಬಂದು ಕೂತವು. ಹುಡುಗರದ್ದು ಏಳು ಸಾಲು, ಹುಡುಗಿಯರದ್ದು ಐದು ಸಾಲು, ಹನ್ನೆರಡೂ ತುಂಬಿದ ಸಾಲು. ಬಡಿಸುವ ಮುಂಚೆ ಕದರಮ್ಮ ಹೆಡ್‌ಮಾಸ್ಟರನ್ನೂ ಡ್ರಿಲ್ ಮೇಷ್ಟ್ರನ್ನೂ ಕರೆದು ತಂದರು.

"ಸಾ, ಎಂಟೆಂಟೇ ಕೂರ್ಸಿವ್ನಿ, ನಿಮ್ ಆರ್ಡರ್ ಪ್ರಕಾರನೇ. ಮಿಕ್ಕೋರು ಯಾರು, ಬೆಟ್ಟು ಮಾಡಿ ತೋರ್ಸಿ."

ಕರಿಬಸವಯ್ಯನವರು ಸಾಲು ಸಾಲಾಗಿ ನೋಡುತ್ತ ಹೋದರು. ಬೆರಳಿನಲ್ಲಿ ಇನ್ನೂ ಸೀಮೆಸುಣ್ಣವಿತ್ತು. ಅವರಿಗೆ ಅರ್ಥವಾಯಿತು, ಆಗದೆ ಇರಲು ಅವರೇನು ದಡ್ಡರಲ್ಲ. ವೆಂಕಟರಂಗಯ್ಯನವರ ಕಡೆ ತಿರುಗಿದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಲೆಕ್ಕ ಇರ್ಲಿ ಸಾರ್. ಇವಕ್ಕೆ ಬೂಟಿಲ್ಲ. ಡಿ.ಸಿ. ಸಾಹೇಬರ ಮುಂದೆ ಬರಿಗಾಲಲ್ಲಿ ನಡೆಸಿದ್ರೆ ಸ್ಕೂಲಿನ ಮರ್ಯಾದೆ ಏನಾಗ್ಬೇಕು?"

ಕದರಮ್ಮನಿಗೆ ಎಲ್ಲಿತ್ತೋ ಕೋಪ. "ಹಂಗಂತ ಮೊದ್ಲೇ ಹೇಳಕ್ಕೆ ನಾಲ್ಗೆ ಬಿದ್ದೋಗಿತ್ತಾ ಮೇಷ್ಟ್ರೇ? ಲೆಕ್ಕ ಲೆಕ್ಕ ಅಂತ ಅದರ ಮ್ಯಾಲ್ ಯಾಕ್ ಹಾಕುದ್ರಿ? ಈ ಐಕ್ಳು ತಾವೇ ಹೆಚ್ಚಾಗ್ಬುಟ್ಟಿದೀವಿ ಅಂದ್ಕಂಡು ವಾರದಿಂದ ಮರದಡೀಲಿ ಕುಂತವೆ."

"ಬಾಯಿ ಜೋರಾಯ್ತು ನಿಂದು," ಎಂದರು ಹೆಡ್‌ಮಾಸ್ಟರು. ಆಮೇಲೆ ಮೆತ್ತಗೆ, "ಜನವರಿ ಇಪ್ಪತ್ತಾರಕ್ಕೆ ನೋಡೋಣ," ಎಂದು ಕೋಣೆಗೆ ಹೋಗಿಬಿಟ್ಟರು. ಸರಿ ಯಾವುದು ಎಂದು ಗೊತ್ತಿದ್ದೂ ಕೋಣೆಗೆ ಹೋಗಿ ಕೂರುವವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ವೆಂಕಟರಂಗಯ್ಯನಂಥವರ ಮೇಲೆ ಇರುವ ಸಿಟ್ಟಿಗಿಂತ ಇಂಥವರ ಮೇಲೆಯೇ ನನಗೆ ಹೆಚ್ಚು.

ಮಾರನೆಯ ಬೆಳಿಗ್ಗೆ ಎಂಬತ್ತಾರು ಮಕ್ಕಳು ಬಸ್ಸಿನಲ್ಲಿ ಹೊರಟರು. ಕದರಮ್ಮ ನಮ್ಮ ಹತ್ತು ಜನರ ಮನೆಗೂ ಹೋಗಿ ಕೇಳಿಕೊಂಡು, ನಮ್ಮನ್ನು ರೈಲು ಹತ್ತಿಸಿ ತುಮಕೂರಿಗೆ ಕರೆದುಕೊಂಡು ಹೋದರು. "ನಡೆಯಾಕಿಲ್ದಿದ್ರೂ ನೋಡಾದಾದ್ರೂ ನೋಡ್ಕಂಡ್ ಬರಾನ," ಎಂದರು. ಮೈದಾನದ ಅಂಚಿನಲ್ಲಿ ಜನರ ನಡುವೆ ಹುಲ್ಲಿನ ಮೇಲೆ ಕೂತೆವು.

ನಮ್ಮ ಸ್ಕೂಲಿನ ಸರದಿ ಬಂತು. ಮೈಕಿನವರು ಚೀಟಿ ನೋಡಿಕೊಂಡು ಹೆಸರು ಕೂಗಿ, "ತೊಂಬತ್ತಾರು ಮಕ್ಕಳು, ಹನ್ನೆರಡು ಸಾಲುಗಳಲ್ಲಿ, ಪೂರ್ಣ ಹಾಜರಿಯೊಂದಿಗೆ," ಎಂದರು. ಜನ ಚಪ್ಪಾಳೆ ಹೊಡೆದರು. ನಮ್ಮ ಮುಂದೆ ನಡೆದು ಹೋದದ್ದು ಹತ್ತು ಸಾಲು. ಆ ಚೀಟಿ ಬರೆದು ಕಳಿಸಿದವರು ಹೆಡ್‌ಮಾಸ್ಟರು. ಏಳು ಮತ್ತು ಐದು, ಹನ್ನೆರಡು ಎಂದು ಅವರು ಎಲ್ಲಿ ನೋಡಿದ್ದು? ಹಿಂದಿನ ದಿನ ಕದರಮ್ಮ ಕೂರಿಸಿದ ಪಂಕ್ತಿಯಲ್ಲಿ. ನಮಗೆ ಜಾಗ ಕೊಡಲು ಆಗದಿದ್ದ ಲೆಕ್ಕ, ಚಪ್ಪಾಳೆ ತೆಗೆದುಕೊಳ್ಳಲು ಮಾತ್ರ ಬೇಕಾಯಿತು.

ಕದರಮ್ಮ ಧಡಕ್ಕನೆ ಎದ್ದರು. "ಸುಳ್ಳು! ಹತ್ತೇ ಸಾಲು ಅವೆ! ಹತ್ ಮಕ್ಳು ಇಲ್ಲವ್ರೆ, ಇಲ್ ನೋಡ್ರಪ್ಪಾ!" ನಮ್ಮನ್ನು ರಟ್ಟೆ ಹಿಡಿದು ಎಬ್ಬಿಸಿದರು, ಆರು ಹುಡುಗರನ್ನು ಒಂದು ಕಡೆ, ನಾಲ್ವರು ನಮ್ಮನ್ನು ಒಂದು ಕಡೆ. "ಎಣಿಸ್ಕಳಿ, ಯಾರಾದ್ರೂ ಎಣಿಸ್ಕಳಿ!" ಸುತ್ತಲಿನವರು ತಿರುಗಿ ನೋಡಿದರು, ಕೆಲವರು ನಕ್ಕರು. ಒಬ್ಬ ಪೊಲೀಸಿನವನು ಬಂದು, "ಕೂತ್ಕೊಳಮ್ಮ, ಹಿಂದಿರೋರಿಗೆ ಕಾಣಲ್ಲ," ಎಂದ. ಮೈಕಿನಲ್ಲಿ ಮುಂದಿನ ಸ್ಕೂಲಿನ ಹೆಸರು ಬಂತು.

ಹದಿನಾರನೆಯ ತಾರೀಖು ಉಪ್ಪಿಟ್ಟಿಗೆ ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ಕದರಮ್ಮ ಬಕೆಟ್ಟು ಎತ್ತುವಷ್ಟರಲ್ಲಿ ಹೆಡ್‌ಮಾಸ್ಟರು ಉಪ್ಪಿಟ್ಟಿನ ರಿಜಿಸ್ಟರು ಹಿಡಿದು ಬಂದರು. "ನೀನು ಡ್ರಿಲ್ ಮೇಷ್ಟ್ರಿಗೆ ಕೊಟ್ಟ ಲೆಕ್ಕ ತೊಂಬತ್ತು. ಸ್ಕೂಲಿನಲ್ಲಿರೋರು ತೊಂಬತ್ತಾರು. ನಿನ್ನ ತಪ್ಪು ಲೆಕ್ಕದಿಂದ ಹತ್ತು ಮಕ್ಕಳಿಗೆ ಅನ್ಯಾಯವಾಯ್ತು. ಲೆಕ್ಕ ಬರದವರು ಈ ಕೆಲಸಕ್ಕೆ ಬೇಡ. ನಾಳೆಯಿಂದ ಬರಬೇಡ."

ಅನ್ಯಾಯ ಎಂಬ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅದನ್ನೂ ಕದರಮ್ಮನ ತಲೆಗೇ ಕಟ್ಟಿದರು.

"ತಟ್ಟೆ ಎಣಿಸಿದ್ದು ನನ್ ತಪ್ಪೇ ಸಾ, ಒಪ್ಕಂತೀನಿ," ಎಂದರು ಕದರಮ್ಮ. "ಆದ್ರೆ ಹದಿನಾಕನೇ ತಾರೀಕು ನಿಮ್ಮುಂದೆನೇ ಸರಿ ಮಾಡಿ ತೋರುಸ್ನಲ್ಲ. ಈ ಮಕ್ಳೆಲ್ಲ ನೋಡವೆ, ಕೇಳಿ." ಹಾಗೆಂದು ನಮ್ಮ ಕಡೆ ತಿರುಗಿದರು.

ಎಲ್ಲರೂ ತಟ್ಟೆ ನೋಡಿಕೊಂಡು ಕೂತಿದ್ದರು. ನಾನೂ ನೋಡಿಕೊಂಡು ಕೂತಿದ್ದೆ. ಎಂಟು ಐವತ್ತಾರಕ್ಕೂ ಹೋಗುತ್ತದೆ, ನಲವತ್ತಕ್ಕೂ ಹೋಗುತ್ತದೆ ಎಂದು ಮೊದಲು ಕಂಡುಹಿಡಿದವಳು ನಾನು. ಎದ್ದು ನಿಂತು ಅದೊಂದು ಮಾತು ಹೇಳಬೇಕಿತ್ತು. ಕದರಮ್ಮ ಸ್ವಲ್ಪ ಹೊತ್ತು ಕಾದರು. ಆಮೇಲೆ ಬಕೆಟ್ಟು ಎತ್ತಿಕೊಂಡು, ಆ ದಿನದ ಒಂಬತ್ತರ ಸಾಲುಗಳಿಗೆ ಕೊನೆಯ ತಟ್ಟೆಯವರೆಗೂ ಸಮವಾಗಿ ಬಡಿಸಿ, ಸೌಟು ತೊಳೆದಿಟ್ಟು ಹೋದರು. ವಾರದೊಳಗೆ ಗುಬ್ಬಿ ಬಿಟ್ಟು ಕೊತ್ತಗೆರೆಗೆ, ತಮ್ಮನ ಮನೆಗೆ ಹೊರಟುಹೋದರಂತೆ.

ಟಿ.ಸಿ.ಎಚ್. ಮುಗಿಸಿ, ಎಂಬತ್ತೈದರಲ್ಲಿ ನನಗೆ ತುಮಕೂರಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಸದಾಶಿವನಗರದಲ್ಲಿ ಒಂದು ರೂಮು ಮಾಡಿಕೊಂಡೆ. ಮೊದಲ ಭಾನುವಾರವೇ ಕುಣಿಗಲ್ ಬಸ್ಸು ಹಿಡಿದು, ಕೇಳಿಕೊಂಡು ಕೇಳಿಕೊಂಡು ಕೊತ್ತಗೆರೆಯ ಅವರ ಮನೆ ಹುಡುಕಿದೆ. ಕದರಮ್ಮ ಜಗಲಿಯ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದರು. ತಲೆ ಬೆಳ್ಳಗಾಗಿತ್ತು. ಹೆಸರು ಹೇಳಿದ ಕೂಡಲೇ ಗುರುತು ಹಿಡಿದು ಕೈ ಹಿಡಿದುಕೊಂಡರು. ನಾನು ಮೇಷ್ಟರಾಗಿದ್ದೇನೆ ಎಂದಾಗ ಅವರ ಮುಖ ಅರಳಿತು. ಒಳಗೆ ಹೋಗಿ ಬೆಲ್ಲ, ನೀರು ತಂದುಕೊಟ್ಟರು.

ಒಂಬತ್ತು ವರ್ಷದಿಂದ ಗಂಟಲಲ್ಲಿದ್ದದ್ದನ್ನು ಹೇಳಿದೆ. "ಅಕ್ಕಾ, ಆವತ್ತು ನಾನು ಎದ್ದು ಹೇಳ್ಬೇಕಾಗಿತ್ತು. ಹೆದರ್ಕೊಂಡು ಸುಮ್ನೆ ಕೂತ್ಬಿಟ್ಟೆ. ತಪ್ಪಾಯ್ತು."

ಚಿಕ್ಕವಳಿದ್ದೆ ಬುಡವ್ವ, ನೀನು ಹೇಳಿದ್ದರೂ ಏನಾಗುತ್ತಿತ್ತು ಎನ್ನುತ್ತಾರೆಂದು ಕಾದಿದ್ದೆ. ನಿಜ ಹೇಳಬೇಕೆಂದರೆ, ಆ ಮಾತು ಕೇಳುವುದಕ್ಕೇ ಅಷ್ಟು ದೂರ ಹೋಗಿದ್ದೆ.

ಕದರಮ್ಮ ಮೊರ ತೊಡೆಯ ಮೇಲಿಟ್ಟುಕೊಂಡು ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ.

"ಹೂಂ ಕಣವ್ವ," ಎಂದರು. "ಎದ್ದಿದ್ರೆ ಚೆಂದಾಗಿತ್ತು."